ಘಟ್ಟಕ್ಕೆ ಕೂತ ತಾರವ್ವ

ಮುಗಳಖೋಡದ ಬಸ್ ನಿಲ್ದಾಣದ ಎದುರಿಗೆ ನನ್ನ ಔಷಧಿ ಅಂಗಡಿ. ಊರವರಿಗೆ ಅದು 'ಪಾರಿಸನ ಮೆಡಿಕಲ್'. ಅಲ್ಲಿ ಕೂತು ನಾನು ಎಷ್ಟೋ ಜನರಿಗೆ ಗುಳಿಗೆ ಕಟ್ಟಿ ಕೊಟ್ಟಿದ್ದೇನೆ. ಅವರಲ್ಲಿ ಅರ್ಧ ಜನ ಅದನ್ನು ಗೋಡೆಯ ಗೂಡಿನಲ್ಲಿಟ್ಟು ಮರೆತರು, ಉಳಿದವರು ಬೇಕೆನಿಸಿದಾಗ ತಗೊಂಡು ಬೇಸರವಾದಾಗ ಬಿಟ್ಟರು. ಹೇಳಿದ್ದನ್ನು ಹೇಳಿದ ಹಾಗೆ ಪಾಲಿಸಿದವಳು ನಾ ಕಂಡಂತೆ ಒಬ್ಬಳೇ, ಪಾಲಬಾವಿಯ ಕುರಿಗಾರ ಜಕ್ಕಪ್ಪನ ಹೆಂಡತಿ ತಾರವ್ವ. ಗುಳಿಗೆ ಬಿಟ್ಟವರು ಇನ್ನೂ ಸಂತೆಯಲ್ಲಿ ಎದುರಾಗಿ ನಮಸ್ಕಾರ ಹೇಳುತ್ತಾರೆ. ತಾರವ್ವ ಇಲ್ಲ. ಅವಳನ್ನು ನೆನೆದಾಗಲೆಲ್ಲ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಅವಳು ಹುಟ್ಟಿದ್ದು ತೆಲಸಂಗದ ಕಡೆ, ಕುರಿಗಾರರ ಮನೆಯಲ್ಲೇ. ಚಿಕ್ಕವಳಿದ್ದಾಗ ಒಮ್ಮೆ ಗಂಟಲು ಬಾತು ಜ್ವರ ಬಂತು. ಜ್ವರ ಇಳಿಯುವಷ್ಟರಲ್ಲಿ ಮೊಣಕಾಲು, ಮೊಣಕೈ ಊದಿಕೊಂಡವು. ಕುರಿಗೆ ಕಾಲು ಹಿಡಿದರೆ ಬರೆ ಎಳೆಯುವ ಜನ, ಮಗಳಿಗೂ ಅದನ್ನೇ ಮಾಡಿದರು. ಊತ ಇಳಿಯಿತು, ಹುಡುಗಿ ಮತ್ತೆ ಓಡಾಡಿದಳು, ಬರೆಯಿಂದಲೇ ವಾಸಿಯಾಯಿತು ಎಂದು ಎಲ್ಲರೂ ನಂಬಿದರು. ಆ ಜ್ವರದ ಸ್ವಭಾವವೇ ಹಾಗೆ. ಕೀಲುಗಳನ್ನು ಬಿಟ್ಟುಹೋಗುತ್ತದೆ, ಹೋಗುವಾಗ ಹೃದಯದ ಕವಾಟವನ್ನು ಕೆಡಿಸಿ ಹೋಗುತ್ತದೆ. ಕವಾಟ ಎಂದರೆ ರಕ್ತ ಮುಂದೆ ಹೋಗಲು ತೆರೆದು, ಹಿಂದೆ ಬರದಂತೆ ಮುಚ್ಚಿಕೊಳ್ಳುವ ಬಾಗಿಲು. ತಾರವ್ವನ ಎದೆಯ ಆ ಬಾಗಿಲು ವರ್ಷವರ್ಷಕ್ಕೂ ಗಟ್ಟಿಯಾಗಿ, ಕಿರಿದಾಗುತ್ತಾ ಹೋಯಿತು. ಹೊರಗಿನಿಂದ ಯಾರಿಗೂ ಏನೂ ಕಾಣಲಿಲ್ಲ.

ಮದುವೆಯಾಗಿ ಪಾಲಬಾವಿಗೆ ಬಂದ ಮೇಲೆ ಕಾಣತೊಡಗಿತು. ಕೊಡ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅತ್ತೆ ಸತ್ತೆವ್ವ ಅವಳನ್ನು ಮೈಗಳ್ಳಿ ಎಂದು ಬೈದಳು, ಓಣಿಯ ಹೆಂಗಸರೂ ಅದಕ್ಕೆ ದನಿಗೂಡಿಸಿದರು. ಒಂದು ಬೇಸಿಗೆಯಲ್ಲಿ ಹಿಂಡಿನ ಜೊತೆ ಕೃಷ್ಣಾ ದಂಡೆಯ ಕಡೆ ಹೋದಾಗ ಕೆಮ್ಮಿನಲ್ಲಿ ರಕ್ತ ಬಂತು. ಮಿರಜಿಗೆ ಕರೆದೊಯ್ದರೆ ಅಲ್ಲಿಯ ಡಾಕ್ಟರು ಕವಾಟ ಬದಲಿಸದಿದ್ದರೆ ಬದುಕುವುದಿಲ್ಲ ಎಂದರು. ಜಕ್ಕಪ್ಪ ಕೈಚೆಲ್ಲಿ ಕೂತಿದ್ದ. ಆಗ ಕುರಿ ಮಾರು ಎಂದವಳು ಅದೇ ಸತ್ತೆವ್ವ. ಬಾಯಿ ತೆಗೆದರೆ ಬೈಗುಳ, ಆದರೆ ಹಿಂಡಿನಲ್ಲಿ ಒಳ್ಳೊಳ್ಳೆಯ ಕುರಿಗಳನ್ನು ತಾನೇ ಆರಿಸಿ ಸಂತೆಗೆ ಹೊಡೆಸಿದಳು. ೧೯೮೭ರಲ್ಲಿ ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ತಾರವ್ವನ ಎದೆ ಸೀಳಿ ಲೋಹದ ಕವಾಟ ಕೂಡಿಸಿದರು.

ತಿರುಗಿ ಬಂದಾಗ ಪಾಲಬಾವಿಗೆ ಪಾಲಬಾವಿಯೇ ನೋಡಲು ನೆರೆಯಿತು. ಹತ್ತಿರ ಕೂತರೆ ಅವಳ ಎದೆಯಿಂದ ಟಿಕ್ ಟಿಕ್ ಎಂದು ಕೇಳುತ್ತಿತ್ತು. "ತಾರವ್ವಾ, ಟಾಯಮ್ ಎಷ್ಟಾತ ಬೇ?" ಎಂದು ಹೆಂಗಸರು ಚೇಷ್ಟೆ ಮಾಡಿದರೆ, "ನಿನ್ನ ಗಂಡ ಊಟಕ್ಕ ಬರೂ ಹೊತ್ತಾತ, ರೊಟ್ಟಿ ಬಡಿ ಹೋಗ" ಎನ್ನುತ್ತಿದ್ದಳು. ಕೊಡ ಹೊತ್ತಳು, ರೊಟ್ಟಿ ಬಡಿದಳು, ಏದುಸಿರು ಹೋಗಿತ್ತು. ಹೋಗದೆ ಉಳಿದದ್ದು ಗುಳಿಗೆ.

ಮೊದಲ ಸಲ ಮಿರಜಿನ ಚೀಟಿ ಹಿಡಿದು ಬಂದಾಗ ಅವಳೇ ಕೇಳಿದಳು: "ಅಣ್ಣಾರ, ಆಪರೇಶನ್ ಆತು, ಆರಾಮ ಆದೆ. ಮತ್ತ ಈ ಗುಳಿಗಿ ಸಾಯೂತನಾ ತಗೋಬೇಕಂತ, ಯಾಕ್ರಿ?"

ಆ ಪ್ರಶ್ನೆಯನ್ನು ನನ್ನ ಅಂಗಡಿಯಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ಗಿರಾಕಿಗಳನ್ನು ಕಾಯಿಸಿ ಹೇಳಿದೆ. ನಮ್ಮ ರಕ್ತಕ್ಕೆ ಗಾಯ ಕಂಡರೆ ಹೆಪ್ಪುಗಟ್ಟುವ ಗುಣ ಉಂಟು, ಅದಿಲ್ಲದಿದ್ದರೆ ಕಳೆ ತೆಗೆಯುವ ಕುರುಪಿ ತಾಕಿದರೂ ಸಾಯುತ್ತಿದ್ದೆವು. ಆದರೆ ರಕ್ತಕ್ಕೆ ಲೋಹದ ಗುರುತಿಲ್ಲ. ಅದನ್ನೂ ಗಾಯ ಎಂದು ತಿಳಿದು ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ. ಕವಾಟದ ಮೇಲೆ ಹೆಪ್ಪು ಕೂತರೆ ಕವಾಟ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹೆಪ್ಪಿನ ಚೂರು ಕಿತ್ತುಹೋಗಿ ಮೆದುಳಿಗೆ ಬಡಿದು ಲಕ್ವಾ ಹೊಡೆಯುತ್ತದೆ. ಅದಕ್ಕೇ ವಾರ್ಫರಿನ್ ಎಂಬ ಈ ಗುಳಿಗೆ. ಹೆಪ್ಪುಗಟ್ಟಿಸುವ ಸಾಮಾನನ್ನು ನಮ್ಮ ಪಿತ್ತಜನಕಾಂಗ ತಯಾರಿಸುತ್ತದೆ. ತಯಾರಿಸಲು ಅದಕ್ಕೆ ಹಸಿರು ತಪ್ಪಲಿನಲ್ಲಿ, ಅಂದರೆ ಸೊಪ್ಪಿನ ಪಲ್ಲೆಯಲ್ಲಿ ಇರುವ ಒಂದು ಸತ್ವ ಬೇಕು, ವಿಟಮಿನ್ ಕೆ ಎಂದು ಅದರ ಹೆಸರು. ಗುಳಿಗೆ ಆ ಸತ್ವದ ಕೆಲಸವನ್ನು ತಡೆಯುತ್ತದೆ.

"ಅಂದ್ರ ಗುಳಿಗಿ ಒಂದ ಕಡೆ ಜಗ್ಗತೈತಿ, ಪಲ್ಲೆ ಒಂದ ಕಡೆ ಜಗ್ಗತೈತಿ" ಎಂದಳು.

"ಬರೋಬರಿ ಹೇಳಿದಿ. ಎರಡೂ ಸಮಾ ಜಗ್ಗಬೇಕು. ಪಲ್ಲೆ ಹೆಚ್ಚಾದ್ರ ರಕ್ತ ಹೆಪ್ಪಾಗತೈತಿ, ಗುಳಿಗಿ ಹೆಚ್ಚಾದ್ರ ರಕ್ತ ನಿಲ್ಲೂದಿಲ್ಲ. ಪಲ್ಲೆ ಬಿಡಬ್ಯಾಡ, ಬಕಬಕ ತಿನ್ನಲೂಬ್ಯಾಡ. ದಿನಾ ಒಂದ ಸಮಾ ತಿನ್ನು."

ಅವತ್ತಿನಿಂದ ಅವಳಿಗೆ ದಿನಕ್ಕೆ ಒಂದು ಹಿಡಿ ತಪ್ಪಲು. ಮೆಂತ್ಯವಿರಲಿ, ರಾಜಗಿರಿ ಇರಲಿ, ಅವಳದೇ ಮುಷ್ಟಿಯ ಅಳತೆ. ಸಂಜೆ ಕುರಿಗಳು ದೊಡ್ಡಿ ಸೇರಿದವೆಂದರೆ ಗುಳಿಗೆಯ ಹೊತ್ತು. ತಿಂಗಳಿಗೊಮ್ಮೆ ರಾಯಬಾಗಿನಿಂದ ರೈಲು ಹತ್ತಿ ಮಿರಜಿಗೆ ಹೋಗಿ, ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ಪರೀಕ್ಷೆ ಮಾಡಿಸಿ ಬರುತ್ತಿದ್ದಳು. ಅದರ ಪ್ರಕಾರ ಡಾಕ್ಟರು ಗುಳಿಗೆಯನ್ನು ಅರ್ಧ ಏರಿಸುತ್ತಿದ್ದರು, ಕಾಲು ಇಳಿಸುತ್ತಿದ್ದರು. ಮೈಕೈ ನೋವಿಗೆ ಕಿರಾಣಿ ಅಂಗಡಿಯ ಗುಳಿಗೆ ಮುಟ್ಟಬಾರದು, ಕುಂಡಿಗೆ ಸೂಜಿ ಮಾಡಿಸಿಕೊಳ್ಳಬಾರದು, ವಸಡಿನಿಂದ ರಕ್ತ ಬಂದರೆ, ಮೈಮೇಲೆ ನೀಲಿ ಕಲೆ ಎದ್ದರೆ, ಮಲ ಕಪ್ಪಾದರೆ ಅವತ್ತೇ ಮಿರಜಿಗೆ ಓಡಬೇಕು. ಇಷ್ಟೂ ಅವಳಿಗೆ ಬಾಯಿಪಾಠ. ನನ್ನ ಅವ್ವನಿಗೆ ಬಿ.ಪಿ. ಗುಳಿಗೆ ನುಂಗಿಸಲು ನಾನು ದಿನಾ ಜಗಳವಾಡುತ್ತಿದ್ದೆ. ತಾರವ್ವನನ್ನು ನೋಡಿ ಕಲಿ ಎಂದು ಅವ್ವನಿಗೆ ಎಷ್ಟು ಸಲ ಅಂದಿದ್ದೇನೋ.

ಒಂದು ವರ್ಷ ಎಳ್ಳಮಾವಾಸ್ಯೆಗೆ ಎಲ್ಲರ ಜೊತೆ ಹೊಲಕ್ಕೆ ಹೋದವಳು ಕಡಲೆ ಗಿಡದ ಹಸಿ ತಪ್ಪಲು, ಪುಂಡಿಪಲ್ಲೆ, ಭಜ್ಜಿಪಲ್ಲೆ ಎಂದು ಎರಡು ಮೂರು ದಿನ ಹೊಟ್ಟೆ ತುಂಬ ತಿಂದುಬಿಟ್ಟಳು. ಜವಾರಿ ಹೆಣ್ಣುಮಗಳು ಆ ಸುಗ್ಗಿಯಲ್ಲಿ ಬಾಯಿ ಕಟ್ಟುವುದು ಹೇಗೆ? ಮಿರಜಿನ ಪರೀಕ್ಷೆಯಲ್ಲಿ ರಕ್ತ ಬೇಗ ಹೆಪ್ಪಾಗುತ್ತಿದೆ ಎಂದು ಬಂತು. ಜೊತೆಗೆ ಹೋಗಿದ್ದ ಸತ್ತೆವ್ವನ ಎದುರಿಗೇ ಡಾಕ್ಟರು ಮರಾಠಿಯಲ್ಲಿ ಗದರಿದರು. ಇಷ್ಟು ಪಲ್ಲೆ ತಿನ್ನಬೇಡ, ದಿನಾ ಒಂದೇ ಅಳತೆ ಇರಲಿ ಎಂದು ಅವರು ಹೇಳಿದ್ದು. ಸತ್ತೆವ್ವ ಅದರ ಮೊದಲರ್ಧವನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡು ಬಂದಳು. ಅಂದಿನಿಂದ ಆ ಮನೆಯಲ್ಲಿ ಪಲ್ಲೆ ಎಂದರೆ ತಾರವ್ವನ ಪಾಲಿಗೆ ವಿಷ. ಅವಳು ತನ್ನ ಒಂದು ಹಿಡಿ ಬಿಡಲಿಲ್ಲ, ಸರಿ. ಆದರೆ ದಿನಾ ಆ ಮಾತು ಕೇಳಿ ಕೇಳಿ ಅವಳಿಗೂ, ಹೆಚ್ಚು ತಿಂದರೆ ಮಾತ್ರ ಕೇಡು, ಕಡಿಮೆಯಾದರೆ ಕೇಡೇನಿಲ್ಲ ಎನ್ನಿಸಿಬಿಟ್ಟಿತ್ತು.

ಇನ್ನೊಂದು ಮಾತನ್ನು ಡಾಕ್ಟರು ಮೊದಲೇ ಹೇಳಿದ್ದರು. ಬಸಿರಾಗಕೂಡದು. ಗುಳಿಗೆ ತಗೊಂಡರೆ ಹೊಟ್ಟೆಯ ಕೂಸಿಗೆ ಅಪಾಯ, ಬಿಟ್ಟರೆ ತಾಯಿಗೆ. ಜಕ್ಕಪ್ಪ ಅದಕ್ಕೆ ಹೂಂ ಅಂದ, ಮತ್ತೆ ಆ ಮಾತೆತ್ತಲಿಲ್ಲ. ಸತ್ತೆವ್ವ ಕೆಲವು ವರ್ಷ ಸುಮ್ಮನಿದ್ದು, ನಂತರ ತನ್ನ ಅಣ್ಣನ ಮಗಳು ಕಸ್ತೂರೆವ್ವನನ್ನು ಮಗನಿಗೆ ತಂದುಕೊಳ್ಳುವ ಮಾತು ತೆಗೆದಳು. ಮುಚ್ಚುಮರೆ ಮಾಡಲಿಲ್ಲ, ತಾರವ್ವನ ಎದುರಿಗೇ ತೆಗೆದಳು. "ನೀ ಇರ ಬೇ ಮನ್ಯಾಗ, ನಿನ್ನ ಯಾರ ಹೊರಗ ಹಾಕ್ತಾರ? ಅಕ್ಕನಂಗ ಇರು" ಎಂದಳು. ಅದು ಆ ಮುದುಕಿಯ ಮಟ್ಟಿಗೆ ಪ್ರೀತಿಯ ಮಾತೇ. ತಾರವ್ವ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಒಮ್ಮೆ ಇದನ್ನು ಹೇಳಿಕೊಂಡಳು.

"ಹಬ್ಬ ಹುಣ್ಣಿಮಿಗೆ ನನ್ನ ಯಾವುದಕ್ಕೂ ಕರಿಯೂದಿಲ್ರಿ ಅಣ್ಣಾರ. ಆಕಿಗಿ ಆಗೂದಿಲ್ಲ, ಆಕಿ ಗುಳಿಗಿ ಮ್ಯಾಲಿನ ಮನಷ್ಯಾಳು ಅಂತಾರ. ಇನ್ನ ಕಸ್ತೂರಿ ಬಂದ್ರ ನಾ ಯಾರ? ಮನ್ಯಾಗ ಇದ್ದೂ ಇಲ್ಲದಾಕಿ."

ಎದೆಗೆ ಕವಾಟ ಇದೆ, ರಕ್ತಕ್ಕೆ ಗುಳಿಗೆ ಇದೆ, ಇದಕ್ಕೆ ನನ್ನ ಕಪಾಟಿನಲ್ಲಿ ಏನೂ ಇರಲಿಲ್ಲ.

೧೯೯೪ರ ನವರಾತ್ರಿ ಬಂತು. ಆ ಮನೆತನದಲ್ಲಿ ಮನೆದೇವಿ ಮಾಯವ್ವನ ಘಟ್ಟ ಹಾಕುತ್ತಾರೆ. ಎಲೆಯ ಮೇಲೆ ಹೊಲದ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ನೀರಿನ ಗಡಿಗೆ ಇಟ್ಟು, ಪಕ್ಕದಲ್ಲಿ ದೀಪ ಹಚ್ಚುತ್ತಾರೆ. ಆ ದೀಪ ಹಬ್ಬ ಮುಗಿಯುವ ತನಕ ಆರಬಾರದು. ಮನೆಯ ಹಿರಿಯ ಹೆಂಗಸು ಅದರ ಪಕ್ಕದಲ್ಲಿ ಕೂಡಬೇಕು. ಬರಿಗಾಲು, ಬರಿನೆಲ, ಅನ್ನ ರೊಟ್ಟಿ ಪಲ್ಲೆ ಮುಟ್ಟುವಂತಿಲ್ಲ, ಹಾಲು ಚಹಾ ಬಾಳೆಹಣ್ಣಿನ ಮೇಲೆ ಇರಬೇಕು. ಹಬ್ಬದ ಕೊನೆಗೆ ಘಟ್ಟ ಏಳುವ ತನಕ ಊರ ಗಡಿ ದಾಟುವಂತಿಲ್ಲ. ಅಷ್ಟು ವರ್ಷ ಕೂತ ಸತ್ತೆವ್ವನಿಗೆ ಆ ವರ್ಷ ಕಣ್ಣಿಗೆ ಪೊರೆ ಬಂದು, ದೀಪಕ್ಕೆ ಎಣ್ಣೆ ಇದೆಯೋ ಇಲ್ಲವೋ ಕಾಣದಂತಾಗಿತ್ತು. ಯಾರು ಕೂಡಬೇಕು ಎಂಬ ಮಾತು ಬಂದಾಗ ತಾರವ್ವ ಎದ್ದು ನಿಂತು, "ನಾ ಕುಂಡ್ರತೀನಿ" ಎಂದಳು.

ಮನೆಯವರು ಅವಳ ಜೀವದ ಬಗ್ಗೆ ಯೋಚಿಸಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಎಲ್ಲರೂ ಯೋಚಿಸಿದರು, ಅದೇ ನನ್ನ ಹೊಟ್ಟೆ ಉರಿಸುವುದು. ಉಪವಾಸದಲ್ಲಿ ಗುಳಿಗೆ ನುಂಗಬಹುದೇ ಎಂದು ಪೂಜಾರಿಯ ಹತ್ತಿರ ಹೋಗಿ ಕೇಳಿದರು. ಅವನು ಯೋಚಿಸಿ, ದೇವಿಯ ಅರಿಶಿನದ ಬಟ್ಟಲು ಮುಂದೆ ಸರಿಸಿ, "ಗುಳಿಗಿ ಅಂದ್ರ ಅನ್ನ ಅಲ್ಲ. ಭಂಡಾರ ಮುಟ್ಟಿಸಿ ತಗೊಳ್ಳಿ" ಎಂದನಂತೆ. ಮನೆಯಲ್ಲಿ ಎಲ್ಲರಿಗೂ ಹಿಗ್ಗು. ಸತ್ತೆವ್ವ ಅಂದಳಂತೆ: "ಗುಳಿಗಿ ತಪ್ಪೂದಿಲ್ಲ. ಪಲ್ಲೆ ಅಂತೂ ಮೊದಲ ಇಲ್ಲ. ದೇವಿನ ಪಥ್ಯಾ ಮಾಡಿಸಾಕತ್ತಾಳ." ಆ ತಿಂಗಳ ರಕ್ತ ಪರೀಕ್ಷೆ ಹಬ್ಬದಲ್ಲೇ ಬರುತ್ತಿತ್ತು, ಗಡಿ ದಾಟುವಂತಿಲ್ಲವಾದ್ದರಿಂದ ದಸರೆಯ ಮೇಲೆ ಎಂದು ಮುಂದೂಡಿದರು. ಇದೆಲ್ಲ ನನಗೆ ಜಕ್ಕಪ್ಪನಿಂದ ಆಮೇಲೆ ತಿಳಿದದ್ದು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಲು ಅವರಿಗೆ ಏನೂ ಉಳಿದಿರಲಿಲ್ಲ, ಎಲ್ಲ ಸರಿಯಾಗಿಯೇ ಇತ್ತಲ್ಲ!

ನಾನು ಉಪವಾಸವನ್ನು ಹೀಗಳೆಯುವವನಲ್ಲ. ನಮ್ಮ ಜೈನರ ಮನೆಗಳಲ್ಲಿ ಭಾದ್ರಪದ ಬಂತೆಂದರೆ ಹೆಂಗಸರು ಬರೀ ನೀರಿನ ಮೇಲೆ ದಿನ ದೂಡುವುದನ್ನು ನೋಡಿಯೇ ಬೆಳೆದಿದ್ದೇನೆ. ಆದರೆ ತಾರವ್ವನ ಮೈಯಲ್ಲಿ ಹಗ್ಗದ ಎರಡೂ ತುದಿ ಹಿಡಿದು ಜಗ್ಗಾಟ ನಡೆದಿತ್ತು. ತಪ್ಪಲು ಒಂದು ತುದಿ ಬಿಟ್ಟುಬಿಟ್ಟಿತು, ಗುಳಿಗೆ ಇನ್ನೊಂದು ತುದಿಯನ್ನು ಮೊದಲಿನ ಬಲದಲ್ಲೇ ಎಳೆಯುತ್ತಾ ಹೋಯಿತು.

ಹಬ್ಬ ಮುಗಿಯಲು ಬಂದಾಗ ಒಂದು ಮಧ್ಯಾಹ್ನ ಜಕ್ಕಪ್ಪ ಅಂಗಡಿಗೆ ಬಂದ. ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರ.

"ಹಲ್ಲಿನ ಪುಡಿ ಚಲೋದು ಒಂದು ಕೊಡ್ರಿ."

"ಯಾರಿಗಿ?"

"ತಾರಿಗ್ರಿ. ನಿನ್ನಿಯಿಂದ ಒಸಡಿನಾಗ ರಕ್ತ ಬರಾಕತ್ತೈತಿ. ಘಟ್ಟಕ್ಕ ಕುಂತಾಳ, ಉಪಾಸದ್ದ ಉಷ್ಣ ಆಗೈತಿ ಅಂತಾಳ ಅವ್ವ."

ತೆಗೆದ ಡಬ್ಬಿಯನ್ನು ಕಪಾಟಿಗೆ ತಿರುಗಿ ಇಟ್ಟೆ. "ಏನ ತಿನ್ನಾಕತ್ತಾಳ?" ಎಂದೆ. ಹೇಳಿದ. "ಗುಳಿಗಿ?" ಎಂದೆ. "ಒಂದೂ ಬಿಟ್ಟಿಲ್ರಿ" ಎಂದು ಹೆಮ್ಮೆಯಿಂದ ಹೇಳಿದ. ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ, ಎದುರಿನ ಎಸ್.ಟಿ.ಡಿ. ಬೂತಿನಿಂದ ಮಿರಜಿಗೆ ಫೋನು ಹಚ್ಚಿದೆ. ಡಾಕ್ಟರು ಪೂರ್ತಿ ಕೇಳುವ ಮೊದಲೇ, ಗುಳಿಗೆ ನಿಲ್ಲಿಸಿ ಈಗಿಂದೀಗ ಕರೆದುಕೊಂಡು ಬನ್ನಿ, ಗುಳಿಗೆಯ ಬಲ ಇಳಿಸುವ ಸೂಜಿ ಇದೆ, ಮೇಲೆ ರಕ್ತದ ನೀರು ಎಂಬ ಪ್ಲಾಸ್ಮಾ ಕೊಡಬೇಕಾಗಬಹುದು, ಬೆಳಗಿನ ತನಕ ಕಾಯಬೇಡಿ ಎಂದರು. ಬಾಡಿಗೆ ಜೀಪಿನವನಿಗೆ ಪಾಲಬಾವಿಗೆ ಬರಲು ಹೇಳಿ, ನನ್ನ ಗಾಡಿಯ ಹಿಂದೆ ಜಕ್ಕಪ್ಪನನ್ನು ಕೂಡಿಸಿಕೊಂಡು ಹೊರಟೆ.

ನೇರ ಆ ಮನೆಯ ದೇವರ ಕೋಣೆಗೆ ಹೋದೆ. ಘಟ್ಟದ ಸುತ್ತ ಸಸಿ ಗೇಣುದ್ದ ಬೆಳೆದಿತ್ತು. ತಾರವ್ವ ಹಸಿರು ಸೀರೆ ಉಟ್ಟು ಕೂತಿದ್ದಳು, ಹಣೆಯಲ್ಲಿ ಭಂಡಾರ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕಾಲಿಗೆ ಬೀಳುತ್ತಿದ್ದರು, ಒಂದು ಕಾಲಕ್ಕೆ ಮೈಗಳ್ಳಿ ಎಂದವರೇ. ಅಷ್ಟು ಸುಖದಲ್ಲಿ ನಾನು ಅವಳನ್ನು ಎಂದೂ ಕಂಡಿರಲಿಲ್ಲ. ಮುಂಗೈ ಮೇಲೆ ಮಾತ್ರ ಅಂಗೈಯಗಲ ನೀಲಿ ಕಲೆ.

"ತಾರವ್ವಾ, ಏಳವ್ವ. ಮಿರಜಿಗೆ ಹೋಗಬೇಕು. ಜೀಪು ಬರಾಕತ್ತೈತಿ" ಎಂದೆ.

"ನಾಳೆ ಒಂದ ದಿನ ಐತ್ರಿ ಅಣ್ಣಾರ. ಘಟ್ಟ ಎದ್ದ ಕೂಡಲೇ ಬರ್ತೀನಿ."

"ಒಸಡಿನಾಗ ರಕ್ತ ಬಂದ್ರ ಅವತ್ತ ಓಡಬೇಕಂತ ನಿನಗ ಗೊತ್ತಿಲ್ಲೇನ?"

"ಗೊತ್ತೈತ್ರಿ. ಆದ್ರ ನಾ ಏನೂ ತಪ್ಪ ಮಾಡಿಲ್ಲಲ್ಲ. ಗುಳಿಗಿ ಬಿಟ್ಟಿಲ್ಲ, ಪಲ್ಲೆ ಮುಟ್ಟಿಲ್ಲ."

"ಪಲ್ಲೆ ಮುಟ್ಟದ್ದಕ್ಕ ಹಿಂಗಾಗೈತಿ" ಎಂದು ನಾನು ಕೂಗಿಬಿಟ್ಟೆ. ದೇವರ ಕೋಣೆ ಎಂಬುದನ್ನೂ ನೋಡಲಿಲ್ಲ. ಜಗ್ಗಾಟದ ಮಾತನ್ನು ಮತ್ತೆ ಮೊದಲಿನಿಂದ ಹೇಳಿದೆ. ಇವತ್ತು ಗುಳಿಗೆ ತಗೋಬೇಡ ಎಂದೆ. ಅವಳು ನನ್ನನ್ನೇ ದಿಟ್ಟಿಸಿದಳು.

"ಇಷ್ಟ ವರ್ಷ ಒಂದಿನಾನೂ ಬಿಡಬ್ಯಾಡ ಅಂದವರು ನೀವ. ಈಗ ಬಿಡು ಅಂತೀರಿ."

ಸತ್ತೆವ್ವ ತಡಕಾಡುತ್ತಾ ಬಂದು ಸೊಸೆಯ ಭುಜ ಹಿಡಿದಳು. ಈ ಮುದುಕಿ ಅಡ್ಡ ಬರುತ್ತಾಳೆ ಎಂದು ನಾನು ಜಗಳಕ್ಕೆ ಸಿದ್ಧನಾಗಿದ್ದೆ. ಅವಳು ಅಂದದ್ದೇ ಬೇರೆ. "ಏಳ ಬೇ ತಾರಿ. ಪಾರಿಸಪ್ಪ ಸುಳ್ಳ ಹೇಳೂದಿಲ್ಲ. ಮಾಯವ್ವಗ ನಾ ಹೇಳ್ಕೋತೀನಿ. ಏಳ ನನ್ನವ್ವಾ."

"ನಾ ಎದ್ರ ದೀಪಾ ಯಾರ ಕಾಯ್ತಾರ?" ಎಂದು ತಾರವ್ವ ಕೇಳಿದಳು. ಅವಳೇ ಮುಂದುವರಿಸಿದಳು: "ಕಸ್ತೂರಿ ಬರ್ತಾಳ. ನಾ ಅರ್ಧಕ್ಕ ಎದ್ದ ಜಾಗಾದಾಗ ಆಕಿ ಕುಂಡ್ರತಾಳ. ಆಗೂದಿಲ್ಲ ಅಂತ ಮತ್ತ ಎಲ್ಲಾರೂ ಅಂತೀರಿ. ನಾ ಏಳೂದಿಲ್ಲ."

ಜಕ್ಕಪ್ಪ ಘಟ್ಟದ ಮುಂದೆ ಕೈಮುಗಿದ. ಕಸ್ತೂರೆವ್ವನನ್ನು ತರುವುದಿಲ್ಲ ಎಂದು ಆಣೆ ಮಾಡಿದ. ಅದನ್ನೇ ಆರು ತಿಂಗಳ ಹಿಂದೆ ಹೇಳಿದ್ದರೆ ಸಾಕಿತ್ತಲ್ಲೋ ಎಂದು ಅವನ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು ನನಗೆ. ತಾರವ್ವ ಗಂಡನ ಮುಖ ನೋಡಿದಳು, ನಂಬಿದಳೋ ಇಲ್ಲವೋ ತಿಳಿಯದು. ತಲೆ ನೋಯುತ್ತಿದೆ ಎಂದು ಹಣೆ ಒತ್ತಿಕೊಂಡಳು. ಓಣಿಯ ತುದಿಯಲ್ಲಿ ಜೀಪಿನ ಸದ್ದು ಕೇಳುವಾಗ ಒಮ್ಮೆ ವಾಂತಿ ಮಾಡಿಕೊಂಡು ಪಕ್ಕಕ್ಕೆ ವಾಲಿದಳು. ಒಂದು ಕಣ್ಣಿನ ರೆಪ್ಪೆ ಇಳಿದಿತ್ತು. ಎತ್ತಿ ಜೀಪಿನಲ್ಲಿ ಮಲಗಿಸಿದೆವು. ಅವಳ ತಲೆ ಜಕ್ಕಪ್ಪನ ತೊಡೆಯ ಮೇಲಿತ್ತು. ಮಿರಜು ದೂರ ಉಳಿಯಿತು, ಕೃಷ್ಣಾ ನದಿ ದಾಟುವ ಮೊದಲೇ ಉಸಿರು ನಿಂತಿತ್ತು. ಮೆದುಳಿನೊಳಗೆ ರಕ್ತ ಸೋರಿ ನಿಲ್ಲದೆ ಹೋಯಿತೆಂದು ಮರುದಿನ ಡಾಕ್ಟರು ಫೋನಿನಲ್ಲಿ ನನಗೆ ವಿವರಿಸಿದರು. ನನಗೆ ಆ ವಿವರ ಬೇಕಾಗಿರಲಿಲ್ಲ.

ಘಟ್ಟದಲ್ಲಿ ಹೋದ ಮುತ್ತೈದೆ ಎಂದು ಊರೇ ಬಂದು ಅವಳಿಗೆ ಭಂಡಾರ ಹಾರಿಸಿತು. ಸತ್ತೆವ್ವ ಮಾತ್ರ ಅಂಗಳದಲ್ಲಿ ಕೂತು, ನನ್ನ ಮಗಳನ್ನು ನಾನೇ ಕೂಡಿಸಿದೆ ಎಂದು ನೆಲ ಬಡಿದು ಅಳುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಊರ ಮಾತು ಬದಲಾಯಿತು. ಉಪವಾಸದಲ್ಲಿ ಗುಳಿಗೆ ನುಂಗಿ ಘಟ್ಟ ಮೈಲಿಗೆ ಮಾಡಿದಳು, ಮಾಯವ್ವ ಸಹಿಸಲಿಲ್ಲ ಎಂದು ಯಾರೋ ಅಂದರು. ಪೂಜಾರಿ ತಾನು ಒಪ್ಪಿಗೆಯನ್ನೇ ಕೊಟ್ಟಿಲ್ಲ ಎಂದ. ಸಂತೆಯಲ್ಲಿ ಸಿಕ್ಕವರಿಗೆಲ್ಲ ನಾನು ತಿಳಿಹೇಳಿದೆ. ಮಾರೂದು ಗುಳಿಗಿ, ಮತ್ತೇನ ಹೇಳ್ತಾನ ಎಂದು ನಕ್ಕು ಮುಂದೆ ಹೋದರು.

ಮರುವರ್ಷ ನವರಾತ್ರಿಗೆ ಮುಂಚೆ ಹಾರೂಗೇರಿ ಕಡೆಯ ಹೊಳೆವ್ವ ಎಂಬವಳು ಅಂಗಡಿಗೆ ಬಂದಳು. ಅವಳ ಗಂಡ ಮಲಕಾರಿಗೆ ಆ ಬೇಸಿಗೆಯಲ್ಲಿ ತಾರವ್ವನದೇ ಥರದ ಕವಾಟ ಹಾಕಿದ್ದರು. ಪ್ರತಿ ತಿಂಗಳು ಒಯ್ಯುತ್ತಿದ್ದ ಗುಳಿಗೆಯಲ್ಲಿ ಸ್ವಲ್ಪ ಕಡಿಮೆ ಕೊಡಿ ಎಂದಳು. ಯಾಕೆ ಎಂದೆ. ತಮ್ಮಲ್ಲಿ ಗಂಡಸರೇ ಕೂಡುವ ವಾಡಿಕೆ, ಈ ಸಲ ಗಂಡ ಘಟ್ಟಕ್ಕೆ ಕೂಡುತ್ತಾನೆ, ಏಳುವ ತನಕ ಗುಳಿಗೆ ನಿಲ್ಲಿಸುತ್ತೇವೆ ಎಂದಳು.

"ತಾರವ್ವ ಮಾಡಿದ ತಪ್ಪ ನಾವ ಮಾಡೂದಿಲ್ರಿ."

ನಾನು ಕಟ್ಟೆಯಿಂದ ಇಳಿದು ಹೊರಗೆ ಬಂದೆ. ಗುಳಿಗೆ ಬಿಟ್ಟರೆ ಕವಾಟದ ಮೇಲೆ ಹೆಪ್ಪು ಕೂಡುತ್ತದೆ, ನಿನ್ನ ಗಂಡ ಬದುಕುವುದಿಲ್ಲ, ಉಪವಾಸವನ್ನು ಬಿಡಿಸು, ಮಿರಜಿನ ಡಾಕ್ಟರನ್ನು ಕೇಳದೆ ಏನನ್ನೂ ಮಾಡಬೇಡ ಎಂದು ಕೈಮುಗಿದು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ದಡ್ಡಿಯಲ್ಲ, ಗಂಡನ ಮೇಲೆ ಜೀವ ಇಟ್ಟುಕೊಂಡವಳು. ಅದಕ್ಕೇ ತಿರುಗಿ ಕೇಳಿದಳು:

"ಹಂಗಾರ ಒಂದ ಗುಳಿಗಿನೂ ತಪ್ಪಿಸದ ತಾರವ್ವ ಯಾಕ ಸತ್ತಳ್ರಿ?"

"ಪಲ್ಲೆ ತಿನ್ನಲಿಲ್ಲವ್ವ, ಅದಕ್ಕ ಸತ್ತಳು" ಎಂದೆ.

ಹೊಳೆವ್ವ ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಳು. "ಪಲ್ಲೆ ತಿನ್ನದ ಯಾರರ ಸಾಯ್ತಾರೇನ್ರಿ ಅಣ್ಣಾರ?" ಎಂದು, ನಾನು ಕಟ್ಟಿದ್ದ ತಿಂಗಳ ಗುಳಿಗೆಯಲ್ಲಿ ಘಟ್ಟದ ದಿನಗಳದ್ದನ್ನು ಎಣಿಸಿ ಕಟ್ಟೆಯ ಮೇಲೆ ಬಿಟ್ಟು, ಉಳಿದದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿನ ಕಡೆ ಹೋದಳು.